ಹಿಡಿದು ಬಿಟ್ಟ ಮೀನು ಬದುಕುತ್ತದೆಯೇ?

ಬರ್ವಾ ಅಲ್ ಬರಾಹಾದ ನನ್ನ ನೆರೆಹೊರೆಯಲ್ಲಿ ಕುಂದಾಪುರ, ಭಟ್ಕಳ, ಕಾಸರಗೋಡು ಕಡೆಯವರಿದ್ದಾರೆ. ಮೀನಿನ ಮಾತು ಬಂದರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಆಳೆತ್ತರದ ಮೀನನ್ನು ಹಿಡಿದು ಮತ್ತೆ ಕಡಲಿಗೇ ಬಿಡುವವರಿದ್ದಾರೆ ಎಂದರೆ, "ಬಿಟ್ಟದ್ದು ಬದುಕುತ್ತದೆಯಾ ಮಾರಾಯ್ರೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

1954ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ಫ್ರ್ಯಾಂಕ್ ಮೇದರ್ ಗಾಳ ಹಾಕುವವರ ಕೈಗೇ ಗುರುತುಪಟ್ಟಿ ಕೊಟ್ಟು, ದೊಡ್ಡ ಮೀನುಗಳಿಗೆ ಅದನ್ನು ಚುಚ್ಚಿ ಬಿಡುವ ಏರ್ಪಾಡು ಮಾಡಿದರು. ಮತ್ತೆ ಸಿಕ್ಕ ಮೀನು ಬದುಕಿತ್ತು ಎಂದು ತಿಳಿಯುತ್ತಿತ್ತು. ಸಿಗದ ಮೀನಿನ ಗತಿ ಏನೆಂದು ತಿಳಿಯುತ್ತಿರಲಿಲ್ಲ. ಉಪಗ್ರಹಕ್ಕೆ ಸುದ್ದಿ ಕಳಿಸುವ ಪಟ್ಟಿಗಳು ಬಂದ ಮೇಲೆ ಆ ಕೊರತೆ ನೀಗಿತು. 2005ರಲ್ಲಿ ಪ್ರಕಟವಾದ ಅಟ್ಲಾಂಟಿಕ್ ಸಾಗರದ ಒಂದು ಅಧ್ಯಯನದಲ್ಲಿ, ತುದಿ ಒಳಕ್ಕೆ ಬಾಗಿದ ದುಂಡು ಗಾಳದಿಂದ ಬಿಡಿಸಿದ ಬಿಳಿ ಮಾರ್ಲಿನ್‌ಗಳೆಲ್ಲ ಬದುಕಿದವು. ಮಾಮೂಲಿ ಗಾಳದವುಗಳಲ್ಲಿ ಉಳಿದದ್ದು ಶೇ. 65. ದುಂಡು ಗಾಳ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಮಾಮೂಲಿ ಗಾಳ ಗಂಟಲಿಗೆ, ಹೊಟ್ಟೆಗೆ ಇಳಿಯುವುದುಂಟು.

ನಮ್ಮ ಕೊಲ್ಲಿಗೂ ಇದು ಸಂಬಂಧಿಸಿದ್ದೇ. ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯಿರುವ ಸೈಲ್‌ಫಿಶ್ ಚಳಿಗಾಲದಲ್ಲಿ ಎಮಿರೇಟ್ಸ್ ಕರಾವಳಿಗೆ ಬರುತ್ತದೆ. ಮಲಯಾಳಿಗಳು ಇದನ್ನು ಓಲಮೀನು ಎನ್ನುತ್ತಾರೆ. ಅಬುಧಾಬಿಯಲ್ಲಿದ್ದ ಸಂಶೋಧಕ ಜಾನ್ ಹೂಲಿಹಾನ್ ಇವುಗಳಿಗೆ ಪಟ್ಟಿ ಹಾಕಿ ಬಿಟ್ಟು ಓಡಾಟವನ್ನು ದಾಖಲಿಸಿದರು. 2004ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ವಂಶವಾಹಿ ಅಧ್ಯಯನದ ಪ್ರಕಾರ, ಕೊಲ್ಲಿಯ ಸೈಲ್‌ಫಿಶ್ ಹೊರಗಿನವುಗಳಿಂದ ಬೇರೆಯಾಗಿ ಉಳಿದ ಗುಂಪು. ಎಂದರೆ ಇಲ್ಲಿ ಕಳೆದುಕೊಂಡದ್ದನ್ನು ಹೊರಗಿನ ಕಡಲು ಸುಲಭವಾಗಿ ತುಂಬಿಕೊಡದು.

ಬಿಟ್ಟ ಮೀನು ಬದುಕಬೇಕಾದರೆ ಮೊದಲು ಅದನ್ನು ದಣಿಸಬಾರದು. ಗಟ್ಟಿ ದಾರದಲ್ಲಿ ಬೇಗ ದೋಣಿಯ ಬಳಿಗೆ ತರಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಆದ್ದರಿಂದ ನಮ್ಮ ಬೇಸಿಗೆಯಲ್ಲಿ ಈ ಎಚ್ಚರ ಹೆಚ್ಚು ಬೇಕು. ಫೋಟೊಗಾಗಿ ಮೇಲೆತ್ತಬಾರದು. 1992ರಲ್ಲಿ ಕೆನಡಾದ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ದಣಿಸಿ ನೀರಲ್ಲೇ ಬಿಟ್ಟ ಟ್ರೌಟ್ ಮೀನುಗಳಲ್ಲಿ ಶೇ. 12 ಸತ್ತರೆ, ದಣಿಸಿದ ಮೇಲೆ ಒಂದೇ ನಿಮಿಷ ನೀರಿನಿಂದ ಹೊರಗಿಟ್ಟವುಗಳಲ್ಲಿ ಶೇ. 72 ಸತ್ತವು. ಅದು ಸಣ್ಣ ಸಿಹಿನೀರಿನ ಮೀನಾದರೂ ಪಾಠ ದೊಡ್ಡದು. ಗಾಳ ಆಳಕ್ಕೆ ಇಳಿದಿದ್ದರೆ ಕೀಳದೆ ದಾರ ಕತ್ತರಿಸಬೇಕು. ಸೋತ ಮೀನನ್ನು ನೀರಲ್ಲೇ ಹಿಡಿದು, ದೋಣಿಯನ್ನು ಮೆಲ್ಲಗೆ ಮುಂದಕ್ಕೆ ನಡೆಸಿದರೆ ಬಾಯಿಂದ ಕಿವಿರಿಗೆ ನೀರು ಹರಿಯುತ್ತದೆ. ಬಾಲ ಬಡಿದು ತಾನೇ ಹೊರಟಾಗ ಕೈಬಿಡಬೇಕು.

ಬಿಡುವುದೊಂದೇ ಸಾಲದು ಎಂಬುದನ್ನು ನಮ್ಮ ಕಾವೇರಿಯೇ ಕಲಿಸಿದೆ. ಗಾಳಿಬೋರೆಯಲ್ಲಿ ಗಾಳದವರು ಮಹಶೀರ್ ಹಿಡಿದು, ಲೆಕ್ಕ ಬರೆದು, ಮತ್ತೆ ಹೊಳೆಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿದು ಹೊರಗಿನಿಂದ ತಂದು ಬಿಟ್ಟ ತಳಿ ಹೆಚ್ಚಿದ್ದನ್ನು ತೋರಿಸಿತು. 2018ರಲ್ಲಿ ಡುಬ್ಬದ ಮಹಶೀರ್ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಗಾಳದವರ ಆ ಲೆಕ್ಕ ಇಲ್ಲದಿದ್ದರೆ ಈ ಕುಸಿತ ಯಾರ ಗಮನಕ್ಕೂ ಬರುತ್ತಿರಲಿಲ್ಲವೇನೋ.

ದೋಣಿಯಲ್ಲಿ ಗಾಳ ಹಾಕಲು ಹೋಗುವ ಸಂಘದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ: ದುಂಡು ಗಾಳ ಕಟ್ಟಿ, ಮೀನನ್ನು ನೀರಲ್ಲೇ ಬಿಡಿಸಿ, ಒಂದು ಪುಸ್ತಕದಲ್ಲಿ ಬರೆದಿಡಿ.