ನಾಣ್ಯ ಹಾಕಿದರೆ ಕುಸ್ತಿ

ಕುಸ್ತಿ ಎಂದರೆ ಗರಡಿಮನೆಯ ಕೆಮ್ಮಣ್ಣು, ಎಣ್ಣೆಯ ವಾಸನೆ, ದಸರೆಯ ಪಂದ್ಯಗಳು ಎಂದು ತಿಳಿದು ಬೆಳೆದ ನಮ್ಮಂಥವರಿಗೆ ಅಮೆರಿಕದ ಟೆಲಿವಿಷನ್ ಕುಸ್ತಿ ಮೊದಲ ನೋಟಕ್ಕೇ ಹಿಡಿಸುವಂಥದ್ದಲ್ಲ. ಚಿತ್ ಆಗುವವನು ಯಾರೆಂದು ಮೊದಲೇ ನಿಶ್ಚಯವಾಗಿದ್ದ ಮೇಲೆ ಅದೆಂಥ ಕುಸ್ತಿ? ಆದರೂ ಆ ಕುಸ್ತಿಯನ್ನೇ ವಸ್ತುವಾಗಿಟ್ಟುಕೊಂಡು ಶಿಕಾಗೋ ನಗರದಲ್ಲಿ ಹುಟ್ಟಿದ ಒಂದು ನಾಣ್ಯದ ಯಂತ್ರದ ಕಥೆ ಸ್ವಾರಸ್ಯವಾಗಿದೆ.

ಇಂಥ ಯಂತ್ರಗಳಲ್ಲಿ ಮೊದಮೊದಲು ಹೆಸರು ಮಾಡಿದವರು ಜಪಾನಿನವರು. ಟೆಕ್ನೋಸ್ ಎಂಬ ಕಂಪನಿ 1983ರಲ್ಲಿಯೇ ಜೋಡಿ ಕುಸ್ತಿಯ ಆಟವೊಂದನ್ನು ಮಾಡಿತ್ತು. 1989ರಲ್ಲಿ ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯ ಅನುಮತಿ ಪಡೆದು ಹಲ್ಕ್ ಹೋಗನ್ ಮೊದಲಾದವರನ್ನು 'ಸೂಪರ್‌ಸ್ಟಾರ್ಸ್' ಯಂತ್ರಕ್ಕೆ ಇಳಿಸಿತು. 1991ರ 'ರೆಸಲ್‌ಫೆಸ್ಟ್' ಇನ್ನೂ ಸೊಗಸು. ನಾಲ್ವರು ಒಟ್ಟಿಗೆ ನಿಂತು ಆಡಬಹುದಾಗಿತ್ತು.

ಅದೇ 1989ರ ಫೆಬ್ರವರಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಕ್ರೀಡಾ ನಿಯಂತ್ರಣ ಮಂಡಳಿಯ ಹಂಗು ತಪ್ಪಿಸಿಕೊಳ್ಳಲು ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆಯು ನ್ಯೂಜೆರ್ಸಿಯ ಶಾಸನಸಭೆಯೆದುರು ತನ್ನದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಗುಟ್ಟು ರಟ್ಟಾಯಿತೆಂದು ಪತ್ರಿಕೆಗಳು ಬರೆದವು. ನೋಡುವವರು ಮಾತ್ರ ನೋಡುವುದನ್ನು ಬಿಡಲಿಲ್ಲ. ದುರ್ಯೋಧನನ ತೊಡೆ ಮುರಿಯುವುದೆಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಬಯಲಾಟಕ್ಕೆ ಕೂರುವ ನಾವು ಇದರಲ್ಲಿ ಆಶ್ಚರ್ಯಪಡಬೇಕಾದ್ದೇನೂ ಇಲ್ಲ.

ಈಗ ಶಿಕಾಗೋಗೆ ಬರೋಣ. 1992ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಯಂತ್ರದಿಂದ ಮಿಡ್‌ವೇ ಕಂಪನಿಗೆ ಕೀರ್ತಿಯೂ ಅಪಕೀರ್ತಿಯೂ ಒಟ್ಟಿಗೇ ಬಂದಿದ್ದವು. ಚಿತ್ರ ಬರೆಯುವ ಬದಲು ನಿಜವಾದ ಮನುಷ್ಯರನ್ನು ಕ್ಯಾಮೆರಾದ ಮುಂದೆ ಒದೆಯಿಸಿ, ಗುದ್ದಿಸಿ, ಆ ಚಿತ್ರಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಸೇರಿಸುವುದು ಅವರ ವಿಧಾನ. 1995ರಲ್ಲಿ ಅದೇ ವಿಧಾನದಿಂದ 'ರೆಸಲ್‌ಮೇನಿಯ: ದಿ ಆರ್ಕೇಡ್ ಗೇಮ್' ಹೊರಬಂತು. ಎಂಟು ಮಂದಿ ಪೈಲ್ವಾನರು: ಬ್ರೆಟ್ ಹಾರ್ಟ್, ಶಾನ್ ಮೈಕೆಲ್ಸ್, ಅಂಡರ್‌ಟೇಕರ್, ರೇಜರ್ ರಮೋನ್, ಲೆಕ್ಸ್ ಲೂಗರ್, ಬ್ಯಾಮ್ ಬ್ಯಾಮ್ ಬಿಗೆಲೋ, ಯೊಕೊಜುನ ಮತ್ತು ಡೊಯಿಂಕ್ ಎಂಬ ವಿದೂಷಕ.

ಇದರಲ್ಲಿ ಪಟ್ಟುಗಳಿಗಿಂತ ಪವಾಡಗಳೇ ಹೆಚ್ಚು. ಅಂಡರ್‌ಟೇಕರ್ ಗೋರಿಕಲ್ಲಿನಿಂದ ಹೊಡೆಯುತ್ತಾನೆ, ಪ್ರೇತಗಳನ್ನು ಛೂ ಬಿಡುತ್ತಾನೆ. ರಮೋನನ ತೋಳು ಕ್ಷೌರದ ಕತ್ತಿಯಾಗುತ್ತದೆ. ಯೊಕೊಜುನ ಉಪ್ಪು ಎರಚುತ್ತಾನೆ. ಪೆಟ್ಟಿನ ಮೇಲೆ ಪೆಟ್ಟು ಪೋಣಿಸಿದಷ್ಟೂ ಆಡುವವನಿಗೆ ಲಾಭ. ಹಿನ್ನೆಲೆಯಲ್ಲಿ ವಿನ್ಸ್ ಮೆಕ್‌ಮಾನ್ ಮತ್ತು ಜೆರ್ರಿ ಲಾಲರ್ ಅವರ ವೀಕ್ಷಕ ವಿವರಣೆ ಬೇರೆ! ಆ ದಿನಗಳಲ್ಲಿ ಪಿಜ್ಜಾ ಅಂಗಡಿಯಲ್ಲಿ ನನ್ನ ಮಗನ ಹಿಂದೆ ನಿಂತು ಕ್ವಾರ್ಟರುಗಳನ್ನು ಎಣಿಸಿ ಕೊಡುತ್ತಿದ್ದ ನಾನು, ಆ ಜಪಾನೀಯನನ್ನೇ ಏಕೆ ಆರಿಸುತ್ತೀಯೆಂದು ಕೇಳಿದೆ. "ಅಪ್ಪಾ, ಅವನು ಜಪಾನಿನವನಲ್ಲ, ಸಮೋವಾದವರ ಮನೆತನ, ಕ್ಯಾಲಿಫೋರ್ನಿಯದವನು," ಎಂದ. ವಿಚಾರಿಸಿದರೆ ಮಾತು ನಿಜ. ಹೆಸರು ರಾಡ್ನಿ ಅನೊವಾಯಿ. ಈ ದೇಶದಲ್ಲಿ ಹೊಟ್ಟೆಪಾಡಿಗಾಗಿ ಇನ್ನೊಂದು ದೇಶದವನಂತೆ ವೇಷ ಹಾಕಬೇಕಾದವರು ಇವನೊಬ್ಬನೇ ಅಲ್ಲ.

ಆಟಕ್ಕೆ ಸಿಕ್ಕಿದ ಸ್ವಾಗತ ಎರಡು ಬಗೆಯದು. ನಾಣ್ಯದ ಅಂಗಡಿಗಳ ಹುಡುಗರು ವೇಗಕ್ಕೂ ತಮಾಷೆಗೂ ಮನಸೋತರು. ಕುಸ್ತಿಯ ಕಟ್ಟಾಭಿಮಾನಿಗಳಲ್ಲಿ ಅನೇಕರು ಮುಖ ಸಿಂಡರಿಸಿದರು. ಹಿಡಿತವಿಲ್ಲ, ಜೋಡಿ ಬದಲಾವಣೆಯಿಲ್ಲ, ಇದು ಕುಸ್ತಿಯ ವೇಷ ಹಾಕಿದ ಮುಷ್ಟಿಯುದ್ಧ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆ ಸರಿಯೇ, ಆದರೆ ಸುಳ್ಳನ್ನು ನಿಜವೆಂದು ನಂಬಿಸಲು ಹೋಗದೆ ಬಹಿರಂಗವಾಗಿ ಸುಳ್ಳಾಡಿದ ಈ ಯಂತ್ರವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಎಣಿಕೆ. ಮನೆಯಲ್ಲಿ ಆಡುವ ಆವೃತ್ತಿಗಳನ್ನು ಅಕ್ಲೇಮ್ ಕಂಪನಿ ಹೊರತಂದಿತು. ಸೂಪರ್ ನಿಂಟೆಂಡೊ ಕೊಂಡವರಿಗೆ ಮೋಸವಾಯಿತು: ಅದರಲ್ಲಿ ಬಿಗೆಲೋನೂ ಇಲ್ಲ, ಯೊಕೊಜುನನೂ ಇಲ್ಲ. ನಮ್ಮ ಮನೆಯಲ್ಲಿ ಇದರಿಂದ ಎರಡು ದಿನ ಮೌನವ್ರತ ನಡೆಯಿತು.

ಲೂಗರನ ಪ್ರಸಂಗ ಇನ್ನೂ ವಿಚಿತ್ರ. 1995ರ ಸೆಪ್ಟೆಂಬರ್ 4ರಂದು ಅವನು ಹೇಳದೆ ಕೇಳದೆ ಎದುರಾಳಿ ಸಂಸ್ಥೆಯ ಟೆಲಿವಿಷನ್ ಕಾರ್ಯಕ್ರಮದಲ್ಲಿ ಪ್ರತ್ಯಕ್ಷನಾದ. ಯಂತ್ರದೊಳಗಿನ ಲೂಗರ್ ಮಾತ್ರ ಹಳೆಯ ಯಜಮಾನನ ಬಳಿಯೇ ಉಳಿದ. ಮರುವರ್ಷ ಅಕ್ಲೇಮ್ ತಂದ 'ಇನ್ ಯುವರ್ ಹೌಸ್' ಇದರ ಸಮಕ್ಕೆ ಬರಲಿಲ್ಲ. 2011ರಲ್ಲಿ 'ಆಲ್ ಸ್ಟಾರ್ಸ್' ಎಂಬ ಆಟ ಇದೇ ಉತ್ಪ್ರೇಕ್ಷೆಯ ದಾರಿಯನ್ನು ಮತ್ತೆ ಹಿಡಿಯಿತು. ಅಷ್ಟರಲ್ಲಿ, 2009ರಲ್ಲಿ, ಮಿಡ್‌ವೇ ದಿವಾಳಿಯೆದ್ದಿತ್ತು.

ಯಂತ್ರದಲ್ಲಿ ಎಷ್ಟು ಪೆಟ್ಟು ತಿಂದರೂ ಮತ್ತೊಂದು ನಾಣ್ಯ ಹಾಕಿದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಹೊರಗೆ ಹಾಗಾಗಲಿಲ್ಲ. ಅನೊವಾಯಿ 2000ದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ತೀರಿಕೊಂಡ, ವಯಸ್ಸು 34. ಬಿಗೆಲೋ 2007ರಲ್ಲಿ, ರಮೋನನ ವೇಷದ ಸ್ಕಾಟ್ ಹಾಲ್ 2022ರಲ್ಲಿ ಹೋದರು. ಈ ಕೊನೆಯ ಸುದ್ದಿಯನ್ನು ನನಗೆ ಫೋನಿನಲ್ಲಿ ತಿಳಿಸಿದವನು ಮಗನೇ. ಅವನಿಗೆ ಈಗ ಅವನ ಮಗನ ಹಿಂದೆ ನಿಲ್ಲುವ ವಯಸ್ಸು.