ನೆರೆಯ ಶಾಲೆ, ನೆರೆಯ ನಾಡು: ವಿಶೇಷ ಶಿಕ್ಷಣ ನೀತಿಯ ಒಂದು ಚಾರಿತ್ರಿಕ ನೋಟ

ಬೆಂಗಳೂರಿನ ಹಳೆಯ ಪೇಟೆಗಳಲ್ಲೊಂದಾದ ಸುಲ್ತಾನ್‌ಪೇಟೆ ಇಂದು ಲಗ್ನಪತ್ರಿಕೆಯ ಅಂಗಡಿಗಳಿಗೆ ಹೆಸರಾಗಿದೆ. ಚಿಕ್ಕಪೇಟೆ, ಬಳೇಪೇಟೆ, ಅರಳೆಪೇಟೆಗಳ ಆಸುಪಾಸಿನ ಈ ಇಕ್ಕಟ್ಟಾದ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಾರವಾಡಿ ಮಾತುಗಳು ಒಟ್ಟಿಗೆ ಬಾಳುತ್ತಿವೆ. ಇಂತಹ ಬೀದಿಯ ಮನೆಯೊಂದರಲ್ಲಿ ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗುವಿದ್ದರೆ, ಅದು ಓದಬೇಕಾದುದು ಎಲ್ಲಿ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ನೀಡಿದೆ. ಕಾಯಿದೆಯ ‘ಆಗಲಿ’ ಎಂಬ ಈ ಒಂದು ಪದದ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಭಾರತವೂ ಅದರ ನೆರೆಯ ದೇಶಗಳೂ ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳು ಒಂದೇ ಬಗೆಯವಲ್ಲ. ಆ ಭೇದಗಳ ಸ್ವರೂಪವನ್ನು ಕನ್ನಡ ನಾಡಿನ ಅನುಭವದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜನಪದದ ನೆಲೆ

ಶಾಲೆಯೆಂಬ ಆಧುನಿಕ ಸಂಸ್ಥೆ ಬರುವ ಮುನ್ನ ಕಸುಬಿನ ಕಲಿಕೆ ಮನೆಯಲ್ಲಿಯೇ ನಡೆಯುತ್ತಿತ್ತು. ಕಸುಬುಗಳ ಹೆಸರಿನಲ್ಲಿಯೇ ಬೆಳೆದ ಬೆಂಗಳೂರಿನ ಪೇಟೆಗಳಲ್ಲಿ ಮನೆಯೇ ಕಮ್ಮಟವೂ ಆಗಿತ್ತು. ಅಲ್ಲಿ ಪ್ರವೇಶ ಪರೀಕ್ಷೆ ಇರಲಿಲ್ಲ. ಹಾಗೆಂದು ಅಕ್ಷರವೂ ಎಲ್ಲರಿಗೂ ದಕ್ಕುತ್ತಿರಲಿಲ್ಲ. ಅಂಗವೈಕಲ್ಯವನ್ನು ಕುರಿತ ಜನಪದರ ಮನೋಧರ್ಮದಲ್ಲೂ ಇಂತಹ ಇಬ್ಬಗೆಯಿದೆ. ಹಾಸ್ಯಕ್ಕೂ ಹೀಗಳಿಕೆಗೂ ಕುರುಡು, ಕಿವುಡುಗಳನ್ನು ಬಳಸಿಕೊಂಡ ಗಾದೆಗಳು ಒಂದೆಡೆ ಇದ್ದರೆ, ಇನ್ನೊಂದೆಡೆ ಹೆಳವರ ಪರಂಪರೆಯಿದೆ. ‘ಹೆಳವ’ ಎಂದರೆ ಕುಂಟ. ಎತ್ತಿನ ಮೇಲೆ ಊರೂರಿಗೆ ಬಂದು ಒಕ್ಕಲುಗಳ ವಂಶಾವಳಿಯನ್ನು ಹೇಳುವುದು ಈ ಸಮುದಾಯದ ಕುಲವೃತ್ತಿ. ತಮ್ಮ ಮೂಲಪುರುಷ ನಡೆಯಲಾರದವನಾಗಿದ್ದನೆಂದೂ ಅವನ ಸಂಚಾರಕ್ಕಾಗಿಯೇ ಎತ್ತು ದೊರೆಯಿತೆಂದೂ ಅವರ ಐತಿಹ್ಯ ತಿಳಿಸುತ್ತದೆ. ಕಾಲಿಲ್ಲದವನಿಗೆ ವಾಹನವನ್ನು ಒದಗಿಸಿ, ಊರಿನ ನೆನಪನ್ನು ಕಾಯುವ ಹೊಣೆಯನ್ನು ಅವನಿಗೆ ಒಪ್ಪಿಸಿದ ಕಥೆಯಿದು. ಐತಿಹ್ಯವನ್ನು ಇತಿಹಾಸವೆಂದು ಭಾವಿಸಬೇಕಾಗಿಲ್ಲ. ಆದರೆ ಸಾಧನ ಮತ್ತು ಸ್ಥಾನ ಎರಡನ್ನೂ ಕೊಟ್ಟಾಗಲೇ ವ್ಯಕ್ತಿ ಸಮಾಜದ ಭಾಗವಾಗುತ್ತಾನೆಂಬ ಅರಿವು ಅದರಲ್ಲಿ ಅಡಗಿರುವುದನ್ನು ಗಮನಿಸಬೇಕು.

ಕನ್ನಡ ನಾಡಿನ ಎರಡು ಮಾದರಿಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿ ವಿಶೇಷ ಶಾಲೆಗಳು ಆರಂಭವಾದುದು ಬಹುಮಟ್ಟಿಗೆ ಕ್ರೈಸ್ತ ಮಿಷನ್ನುಗಳ ಪ್ರಯತ್ನದಿಂದ. 1887ರಲ್ಲಿ ಅಮೃತಸರದಲ್ಲಿ ಆ್ಯನಿ ಶಾರ್ಪ್ ತೆರೆದ ಅಂಧರ ಶಾಲೆ ಇದಕ್ಕೆ ನಿದರ್ಶನ. ಮೈಸೂರು ಸಂಸ್ಥಾನದ ದಾರಿ ತುಸು ಭಿನ್ನವಾದುದು. 1901ರಲ್ಲಿ ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಕಿವುಡ ಮತ್ತು ಕುರುಡ ಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿದರು. ಮುಂದೆ ಅದು ಸರ್ಕಾರಿ ಶಾಲೆಯಾಗಿ ಬೆಳೆಯಿತು. ಕನ್ನಡವನ್ನು ಬೆರಳಿನಿಂದ ಓದುವುದಕ್ಕೆ ‘ಮೈಸೂರು ಬ್ರೈಲ್’ ಎಂಬ ಪ್ರತ್ಯೇಕ ಪದ್ಧತಿಯೂ ಬಳಕೆಗೆ ಬಂದಿತು.

ಅದೇ ಕಾಲಘಟ್ಟದಲ್ಲಿ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದ ಗದಗಿನಲ್ಲಿ ಮತ್ತೊಂದು ಮಾದರಿ ರೂಪುಗೊಂಡಿತು. ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಸ್ವತಃ ಅಂಧರು. ಅವರ ವೀರೇಶ್ವರ ಪುಣ್ಯಾಶ್ರಮವು ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನ, ಆಸರೆ, ಸಂಗೀತಗಳನ್ನು ನೀಡಿತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಮುನ್ನಡೆಸಿದರು. ಆಶ್ರಮದ ವೆಚ್ಚಕ್ಕೆ ಸಮಾಜದ ದಾನವೂ ನಾಟಕ ಕಂಪನಿಯ ಆದಾಯವೂ ಒದಗಿಬಂದವು. ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಬಸವರಾಜ ರಾಜಗುರು ಅವರಂತಹ ದೃಷ್ಟಿಯುಳ್ಳ ಶಿಷ್ಯರೂ ಪಂಚಾಕ್ಷರಿ ಗವಾಯಿಗಳಲ್ಲಿಯೇ ಕಲಿತರು. ಕಣ್ಣಿದ್ದವರು ಅಂಧ ಗುರುವಿನ ಮುಂದೆ ಕುಳಿತು ವಿದ್ಯೆ ಪಡೆದ ಈ ವ್ಯವಸ್ಥೆಯು ‘ಸಮನ್ವಯ ಶಿಕ್ಷಣ’ ಎಂಬ ಪರಿಭಾಷೆ ಹುಟ್ಟುವ ಮೊದಲೇ ಅದರ ಸಾರವನ್ನು ಆಚರಣೆಗೆ ತಂದಿತ್ತು. ಆದರೆ ಅದರ ಹರವು ಮುಖ್ಯವಾಗಿ ಸಂಗೀತದ್ದು. ಸರ್ಕಾರಿ ಶಾಲೆಗೆ ಪಠ್ಯವಿತ್ತು, ಆಶ್ರಮಕ್ಕೆ ಪರಂಪರೆಯಿತ್ತು. ಮನೆಯನ್ನೂ ಓಣಿಯನ್ನೂ ಬಿಟ್ಟು ಬರಬೇಕಾದ ಅನಿವಾರ್ಯ ಮಾತ್ರ ಎರಡರಲ್ಲೂ ಇತ್ತು.

ಗಡಿ ದಾಟಿದ ಲಿಪಿ

ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ಹಲವು ಬ್ರೈಲ್ ಪದ್ಧತಿಗಳಿದ್ದವು. ಒಂದು ಪ್ರಾಂತದಲ್ಲಿ ಕಲಿತವನಿಗೆ ಇನ್ನೊಂದರ ಪುಸ್ತಕ ಅಪರಿಚಿತವಾಗಿತ್ತು. ಯುನೆಸ್ಕೋ ನೆರವಿನ ಸಮಾಲೋಚನೆಗಳ ಬಳಿಕ 1951ರಲ್ಲಿ ಭಾರತಿ ಬ್ರೈಲ್ ಅಂಗೀಕೃತವಾಯಿತು. ಒಂದು ಧ್ವನಿಗೆ ಎಲ್ಲ ಭಾಷೆಗಳಲ್ಲೂ ಸಾಧ್ಯವಾದಷ್ಟೂ ಒಂದೇ ಚುಕ್ಕೆಗಳ ಜೋಡಣೆ ಎಂಬುದು ಇದರ ತತ್ವ. ‘ಕ’ ಅಕ್ಷರಕ್ಕೆ ಆರು ಚುಕ್ಕೆಗಳಲ್ಲಿ ಒಂದು ಮತ್ತು ಮೂರನೆಯವು ಉಬ್ಬಿರುತ್ತವೆ; ಕನ್ನಡ, ಬಂಗಾಳಿ, ನೇಪಾಳಿ, ಸಿಂಹಳಗಳ ‘ಕ’ ಬೆರಳಿಗೆ ಒಂದೇ. ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶಗಳೂ ಈ ಪದ್ಧತಿಯನ್ನೇ ಅನುಸರಿಸಿದವು. ಪಾಕಿಸ್ತಾನದ ಉರ್ದು ಬ್ರೈಲ್ ಮಾತ್ರ ಪರ್ಷಿಯನ್ ಪದ್ಧತಿಯನ್ನು ಆಧರಿಸಿದೆ. ಹೀಗಾಗಿ ಸುಲ್ತಾನ್‌ಪೇಟೆಯ ಉರ್ದು ಮನೆಯ ಅಂಧ ಬಾಲಕಿಗೂ ಲಾಹೋರಿನ ಬಾಲಕಿಗೂ ಕಿವಿಗೆ ಒಂದೇ ಆದ ಭಾಷೆ ಬೆರಳಿಗೆ ಬೇರೆಯಾಗಿದೆ. ದೇಶ ವಿಭಜನೆಯ ಗೆರೆ ಚುಕ್ಕೆಗಳ ನಡುವೆಯೂ ಹಾದುಹೋಗಿರುವುದಕ್ಕೆ ಇದು ಸಾಕ್ಷಿ.

ನೆರೆನಾಡುಗಳ ನೀತಿಗಳು

ಲಿಪಿ ಒಂದಾದರೂ ನೀತಿಗಳು ಒಂದಾಗಲಿಲ್ಲ. ವಿಕಲಾಂಗ ಮಗುವನ್ನು ಪ್ರಭುತ್ವವು ಕಲಿಯುವ ವಿದ್ಯಾರ್ಥಿಯೆಂದು ಕಂಡಿತೋ, ನೆರವು ಪಡೆಯುವ ಫಲಾನುಭವಿಯೆಂದು ಕಂಡಿತೋ ಎಂಬುದು ಆ ಮಗು ಯಾವ ಇಲಾಖೆಗೆ ಸೇರಿತೆಂಬುದರಿಂದ ತಿಳಿಯುತ್ತದೆ.

ಶ್ರೀಲಂಕಾದಲ್ಲಿ 1912ರಲ್ಲಿ ಮೇರಿ ಚಾಪ್‌ಮನ್ ಅವರಿಂದ ಆರಂಭವಾದ ರತ್ಮಲಾನಾ ಶಾಲೆಯು ಮಿಷನ್ ಮೂಲದ್ದು. ಆದರೆ ಉಚಿತ ಶಿಕ್ಷಣದ ಬಲವಾದ ಪರಂಪರೆಯಿರುವ ಆ ದೇಶವು 1960ರ ದಶಕದ ಕೊನೆಯಿಂದ ಸಾಮಾನ್ಯ ಶಾಲೆಗಳಲ್ಲಿಯೇ ವಿಶೇಷ ಘಟಕಗಳನ್ನು ತೆರೆಯುತ್ತ ಬಂದಿತು. ನೇಪಾಳದಲ್ಲಿ 1964ರಲ್ಲಿ ಕಠ್ಮಂಡುವಿನ ಲ್ಯಾಬೊರೇಟರಿ ಶಾಲೆ ಅಂಧ ಮಕ್ಕಳನ್ನು ಇತರರೊಡನೆ ಸೇರಿಸಿಕೊಂಡಿತು. ಸಾಮಾನ್ಯ ಶಾಲೆಗೆ ಹೊಂದಿಕೊಂಡ ‘ಸಂಪನ್ಮೂಲ ತರಗತಿ’ ಅಲ್ಲಿನ ಪ್ರಮುಖ ಮಾದರಿಯಾಯಿತು. 2015ರ ಸಂವಿಧಾನವು ಬ್ರೈಲ್ ಹಾಗೂ ಸಂಕೇತ ಭಾಷೆಯ ಮೂಲಕ ಉಚಿತ ಶಿಕ್ಷಣ ಪಡೆಯುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ಬಾಂಗ್ಲಾದೇಶದಲ್ಲಿ 1974ರಲ್ಲಿ ಆರಂಭವಾದ ಅಂಧರ ಸಮನ್ವಿತ ಶಿಕ್ಷಣ ಕಾರ್ಯಕ್ರಮವು 64 ಜಿಲ್ಲೆಗಳನ್ನು ವ್ಯಾಪಿಸಿತು. ಮಗು ಓದುವುದು ಸಾಮಾನ್ಯ ಶಾಲೆಯಲ್ಲಿ, ಹೊಣೆ ಮಾತ್ರ ಸಮಾಜಸೇವಾ ಇಲಾಖೆಯದು. ಪಾಕಿಸ್ತಾನವು ವಿಶೇಷ ಶಿಕ್ಷಣಕ್ಕೆಂದೇ ಪ್ರತ್ಯೇಕ ಆಡಳಿತವನ್ನು ಕಟ್ಟಿತು. 2010ರ 18ನೆಯ ಸಂವಿಧಾನ ತಿದ್ದುಪಡಿಯ ನಂತರ ಅದು ಪ್ರಾಂತಗಳ ಪಾಲಾಯಿತು.

ಭಾರತದ ಸ್ಥಿತಿ ಇವುಗಳ ನಡುವಿನದು. ವಿಕಲಾಂಗ ಮಕ್ಕಳ ಸಮನ್ವಯ ಶಿಕ್ಷಣ ಯೋಜನೆ 1974ರಲ್ಲಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ಹುಟ್ಟಿ, 1982ರಲ್ಲಿ ಶಿಕ್ಷಣ ಇಲಾಖೆಗೆ ವರ್ಗಾವಣೆಯಾಯಿತು. ವಿಶೇಷ ಶಾಲೆಗಳು ಬಹುಪಾಲು ಕಲ್ಯಾಣ ಇಲಾಖೆಗಳ ವ್ಯಾಪ್ತಿಯಲ್ಲಿಯೇ ಉಳಿದವು. 1995ರ ಕಾಯಿದೆ ಗುರುತಿಸಿದ್ದ 7 ಬಗೆಯ ವೈಕಲ್ಯಗಳು 2016ರ ಕಾಯಿದೆಯಲ್ಲಿ 21 ಆದವು. ವಿಶ್ವಸಂಸ್ಥೆಯ 2006ರ ಒಡಂಬಡಿಕೆಯನ್ನು ಭಾರತ ಮತ್ತು ಬಾಂಗ್ಲಾದೇಶಗಳು 2007ರಲ್ಲಿ, ನೇಪಾಳ 2010ರಲ್ಲಿ, ಪಾಕಿಸ್ತಾನ 2011ರಲ್ಲಿ, ಶ್ರೀಲಂಕಾ 2016ರಲ್ಲಿ ಸ್ಥಿರೀಕರಿಸಿದವು. ಹಕ್ಕಿನ ಭಾಷೆ ಎಲ್ಲೆಡೆ ಸಮಾನವಾಯಿತು. ಹೊಣೆಯ ಹಂಚಿಕೆ ಸಮಾನವಾಗಲಿಲ್ಲ.

ಸಮಾರೋಪ

ಈ ತುಲನೆಯಿಂದ ಯಾವ ದೇಶವನ್ನೂ ಆದರ್ಶವೆಂದು ಎತ್ತಿಹಿಡಿಯಲಾಗದು. ಒಂದೇ ಆವರಣದಲ್ಲಿರುವುದು ಒಂದೇ ತರಗತಿಯಲ್ಲಿರುವುದಕ್ಕೆ ಸಮವಲ್ಲ. ಸಂವಿಧಾನದಲ್ಲಿ ಬರೆದುದು ಗುಡ್ಡಗಾಡಿನ ಹಳ್ಳಿಯನ್ನು ತಾನಾಗಿಯೇ ತಲುಪುವುದಿಲ್ಲ. ಭಾರತದ ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು ತೀವ್ರ ವೈಕಲ್ಯದ ಮಕ್ಕಳಿಗೆ ಮನೆಯಲ್ಲಿಯೇ ಕಲಿಯುವ ಅವಕಾಶವನ್ನೂ ಸೇರಿಸಿದೆ. ಅದು ಕೆಲವರಿಗೆ ಅಗತ್ಯವೇ ಸರಿ. ಆದರೆ ಶಿಕ್ಷಕರು ಬಾರದಿದ್ದಲ್ಲಿ, ಮನೆಯ ಕಲಿಕೆಯೆಂಬುದು ಮನೆಯಲ್ಲಿ ಉಳಿದುಬಿಡುವುದಕ್ಕೆ ಇಟ್ಟ ಇನ್ನೊಂದು ಹೆಸರಾಗುತ್ತದೆ.

ಹಳೆಯ ಪೇಟೆಯ ವ್ಯವಸ್ಥೆ ಮಗುವನ್ನು ಓಣಿಯಲ್ಲಿ ಉಳಿಸಿಕೊಂಡಿತು, ಅಕ್ಷರ ಕೊಡಲಿಲ್ಲ. ಆಧುನಿಕ ವಿಶೇಷ ಶಾಲೆ ಅಕ್ಷರ ಕೊಟ್ಟಿತು, ಓಣಿಯಿಂದ ಬೇರ್ಪಡಿಸಿತು. ಈ ಎರಡು ನಷ್ಟಗಳನ್ನೂ ತುಂಬಿಕೊಡುವುದು ನೆರೆಹೊರೆಯ ಶಾಲೆಯ ಹೊಣೆ. ಬ್ರೈಲ್ ಅಥವಾ ಸಂಕೇತ ಭಾಷೆಯ ಜೊತೆಗೆ ಮನೆಮಾತನ್ನೂ ಬಲ್ಲ ಶಿಕ್ಷಕರೊಬ್ಬರು ಸುಲ್ತಾನ್‌ಪೇಟೆಗೆ ನಡೆದು ಹೋಗುವಷ್ಟು ದೂರದ ಸರ್ಕಾರಿ ಶಾಲೆಯಲ್ಲಿ ದೊರೆತರೆ ಮಾತ್ರ ಕಾಯಿದೆ ಕೊಟ್ಟ ಆಯ್ಕೆ ನಿಜವಾದ ಆಯ್ಕೆಯಾಗುತ್ತದೆ. ಹೆಳವರ ಐತಿಹ್ಯದಲ್ಲಿ ಎತ್ತು ಬಂದುದು ಮನುಷ್ಯನಿದ್ದಲ್ಲಿಗೆ. ಶಿಕ್ಷಣ ನೀತಿಯನ್ನು ರೂಪಿಸುವವರು ಜನಪದರಿಂದ ಇಷ್ಟನ್ನಾದರೂ ಕಲಿಯುವುದು ಉಚಿತ.