ನಿವೇಶನವೂ ಸಂಬಳವೂ

ಈಚೆಗೆ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಕನ್ನಡ ಎಂ.ಎ. ಮಾಡಿ, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿರುವವನು. ವಯಸ್ಸು ನಲವತ್ತರ ಹತ್ತಿರ. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟವನು ಗೋಡೆಗಳ ಕಡೆ ಒಮ್ಮೆ ಕಣ್ಣಾಡಿಸಿ, “ಸಾರ್, ತಪ್ಪು ತಿಳಿಯಬೇಡಿ. ಈ ಮನೆ ನಿಮ್ಮ ಸಂಬಳದಲ್ಲೇ ಆಯಿತೆ?” ಎಂದು ಕೇಳಿದ. “ಹೌದಪ್ಪಾ” ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಹೇಳಲಾಗಲಿಲ್ಲ. ಆ ಉತ್ತರ ನಿಜವೆ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಆ ಯೋಚನೆಯನ್ನೇ ಇಂದು ಕೇಳುಗರ ಮುಂದಿಡುತ್ತೇನೆ.

ನಾನು ಕನ್ನಡದ ಮೇಷ್ಟರು, ಅರ್ಥಶಾಸ್ತ್ರಜ್ಞನಲ್ಲ. ಆದ್ದರಿಂದ ಒಂದು ಶಬ್ದದಿಂದ ಆರಂಭಿಸಿದರೆ ಕ್ಷಮಿಸಬೇಕು. ನಾವು ದಿನವೂ ಬಳಸುವ ‘ನಿವೇಶನ’ವೆಂಬುದು ನಗರಾಭಿವೃದ್ಧಿಯ ಕಚೇರಿಗಳಲ್ಲಿ ಹುಟ್ಟಿದ ಮಾತಲ್ಲ. ನಮ್ಮ ಶಾಸನಗಳಲ್ಲಿ ಅದು ಹಿಂದೆಯೇ ಇದೆ. ದೇವಾಲಯಕ್ಕೋ ಅಗ್ರಹಾರಕ್ಕೋ ದತ್ತಿ ಬಿಡುವಾಗ ಇಷ್ಟು ಗದ್ದೆ, ಇಷ್ಟು ಬೆದ್ದಲು ಎಂಬುದರ ಜೊತೆಗೆ ಮನೆಯ ನಿವೇಶನವನ್ನೂ ಕೊಟ್ಟು, ಅದರ ಉದ್ದಗಲಗಳನ್ನು ‘ಕೈ’ಗಳ ಲೆಕ್ಕದಲ್ಲಿ ಕೊರೆಸುತ್ತಿದ್ದರು. ಇಲ್ಲಿ ಗಮನಿಸಬೇಕಾದದ್ದೊಂದಿದೆ. ದತ್ತಿ ಪಡೆದವನಿಗೆ ನಿವೇಶನವು ವೃತ್ತಿಯ ಜೊತೆಗೆ ಬರುತ್ತಿತ್ತು. ಅವನು ತನ್ನ ಗಳಿಕೆಯಿಂದ ಮನೆ ಕಟ್ಟಿಕೊಳ್ಳಬಹುದಾಗಿತ್ತು, ನೆಲವನ್ನು ಕೊಳ್ಳಬೇಕಾಗಿರಲಿಲ್ಲ. ಎಲ್ಲರಿಗೂ ಆ ಭಾಗ್ಯವಿತ್ತೆಂದು ನಾನು ಹೇಳುತ್ತಿಲ್ಲ. ಊರ ಹೊರಗೆ ಇಡಲ್ಪಟ್ಟವರ ಹೆಸರಿಗೆ ಯಾವ ಕಲ್ಲೂ ನಿಲ್ಲಲಿಲ್ಲ.

ಈಗ ಬೆಂಗಳೂರಿಗೆ ಬರೋಣ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವು ಹೊಕ್ಕಾಗ, ಮೈಸೂರು ಸರ್ಕಾರ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳನ್ನು ರೂಪಿಸಿತು. ಅಲ್ಲಿಯೂ ನೆಲವನ್ನು ಅಳೆದು, ರಸ್ತೆ ಬಿಟ್ಟು, ಹಂಚಿದ್ದು ಸರ್ಕಾರವೇ. 1945ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪಿತವಾಯಿತು. 1948ರಲ್ಲಿ ಜಯನಗರಕ್ಕೆ ರಾಜಾಜಿಯವರು ಶಂಕುಸ್ಥಾಪನೆ ಮಾಡಿದರು. ಅದೇ ಕಾಲದಲ್ಲಿ ದೊಡ್ಡ ಕಾರ್ಖಾನೆಗಳು ಬಂದವು: 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್. ಇವು ತಮ್ಮ ಕೆಲಸಗಾರರಲ್ಲಿ ಅನೇಕರಿಗೆ ಕ್ವಾರ್ಟರ್ಸ್ ಕಟ್ಟಿಕೊಟ್ಟವು. ಶಾಸನಕಾಲದ ಪದ್ಧತಿ ಹೊಸ ವೇಷದಲ್ಲಿ ಮರಳಿದಂತಾಯಿತು: ಕೆಲಸದ ಜೊತೆಗೆ ಸೂರು.

ಆದರೆ ಕಾರ್ಖಾನೆಯ ಕೆಲಸವೂ ಇಲ್ಲದ, ನಿವೇಶನವೂ ದೊರೆಯದ ಜನ ಬಹಳವಿದ್ದರು. ನನ್ನ ತಂದೆ ಅವರಲ್ಲೊಬ್ಬರು. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಚಾಮರಾಜಪೇಟೆಯ ಒಂದು ವಠಾರದಲ್ಲಿ ನಮ್ಮ ವಾಸ. ಹನ್ನೊಂದು ಸಂಸಾರ, ಒಂದು ಬಾವಿ, ಎರಡು ಕಕ್ಕಸು. ನನ್ನ ತಾಯಿ ಗಣಪತಿಯ ಪಟಕ್ಕೆ ಗೋಡೆಗೆ ಮೊಳೆ ಹೊಡೆಯಬೇಕಾದರೂ ಯಜಮಾನರ ಅಪ್ಪಣೆ ಬೇಕಾಗಿತ್ತು. ಒಮ್ಮೆ ಕೇಳಿದಾಗ, “ಗಾರೆ ಉದುರುತ್ತದಮ್ಮ” ಎಂದು ಅವರು ಒಪ್ಪಲಿಲ್ಲ. ಪಟವು ಕಡೆಯವರೆಗೂ ಕಿಟಕಿಯ ಕಟ್ಟೆಯ ಮೇಲೆಯೇ ಒರಗಿಕೊಂಡಿತ್ತು. ತಂದೆ ಬಾಡಿಗೆದಾರರಾಗಿಯೇ ತೀರಿಕೊಂಡರು. ಅವರು ದುಂದುಗಾರರಲ್ಲ, ಬೀಡಿಯನ್ನೂ ಸೇದಿದವರಲ್ಲ.

ನಾನು 1983ರಲ್ಲಿ ಉಪನ್ಯಾಸಕನಾದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ ಶ್ರೇಣಿಯಲ್ಲಿ ಆಗ ಮೂಲವೇತನ 700 ರೂಪಾಯಿಯಿಂದ ಆರಂಭ. 1986ರ ಪರಿಷ್ಕರಣೆಯಲ್ಲಿ ಅದು 2,200 ಆಯಿತು. ಸುಧಾರಣಾ ಮಂಡಳಿಯ ಸ್ಥಾನದಲ್ಲಿ 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತ್ತು. ನಾಲ್ಕನೆಯ ಅರ್ಜಿಗೆ ನನಗೆ ಮೂವತ್ತು ನಲವತ್ತರ ನಿವೇಶನ ಮಂಜೂರಾಯಿತು. ಬೆಲೆ ನನ್ನ ಸುಮಾರು ಒಂದೂವರೆ ವರ್ಷದ ಸಂಬಳಕ್ಕೆ ಸಮ. ಅದೇ ಬಡಾವಣೆಯ ಮೂಲೆ ನಿವೇಶನಗಳನ್ನು ಪ್ರಾಧಿಕಾರ ಹರಾಜು ಹಾಕುತ್ತಿತ್ತು. ಹರಾಜಿನ ಕೂಗನ್ನು ನಾನೊಮ್ಮೆ ನಿಂತು ಕೇಳಿದ್ದೇನೆ. ನಾನು ಕೊಟ್ಟದ್ದಕ್ಕೂ ಅಲ್ಲಿ ಕೂಗಿದ್ದಕ್ಕೂ ಇದ್ದ ಅಂತರ ನನ್ನ ಗಳಿಕೆಯಲ್ಲ. ಅದು ನನಗೆ ಸರ್ಕಾರ ಕೊಟ್ಟ ದತ್ತಿ.

ಆ ಮೇಲೂ ಮನೆ ಎದ್ದದ್ದು ಸಂಬಳದಿಂದ ಮಾತ್ರವೆ? ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅವಳ ಸಂಬಳ ಸೇರಿತು. ಅವಳ ನಾಲ್ಕು ಬಳೆ ಮಾರಿದ್ದು ತಾರಸಿಗಾಯಿತು. ಭವಿಷ್ಯನಿಧಿಯಿಂದ ತೆಗೆದದ್ದು ಬಾಗಿಲು ಕಿಟಕಿಗಳಿಗೆ. ಊರಿನಲ್ಲಿದ್ದ ಅಜ್ಜನ ಕಾಲದ ಒಂದು ತುಂಡು ಹೊಲವೂ ಹೋಯಿತು. ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು ಇಂದಿನ ಲೆಕ್ಕ. ಕೇಳುಗರು ಕಾಗದ ಪೆನ್ಸಿಲು ಹಿಡಿದು ತಾವೇ ನೋಡಬಹುದು. ಶೇಕಡಾ 8.5ರ ಬಡ್ಡಿಯಲ್ಲಿ, 20 ವರ್ಷದ ಅವಧಿಗೆ ಒಂದು ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು 868 ರೂಪಾಯಿ. ಒಟ್ಟು ತೀರಿಸುವುದು ಎರಡು ಲಕ್ಷ ಎಂಟು ಸಾವಿರ. ಅಸಲಿಗಿಂತ ಬಡ್ಡಿಯೇ ಮಿಗಿಲು. ತಿಂಗಳಿಗೆ 30,000 ರೂಪಾಯಿ ಪಡೆಯುವವನು ಅದರಲ್ಲಿ 12,000ವನ್ನು ಕಂತಿಗೆ ಇಟ್ಟನೆನ್ನಿ. ಅವನಿಗೆ ಹುಟ್ಟುವ ಸಾಲ 13.8 ಲಕ್ಷ. ಸಾಧಾರಣ ಕಟ್ಟಡಕ್ಕೆ ಬೆಂಗಳೂರಿನಲ್ಲಿ ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡು ಲಕ್ಷವಾದರೂ ಬೇಕು. ಆರು ಚದರದ ಪುಟ್ಟ ಮನೆಗೆ 12 ಲಕ್ಷ. ಸರ್ಕಾರದ ಸಮೀಕ್ಷೆಯಂತೆ 2023ರಲ್ಲಿ ದೇಶದ ಸಂಬಳದಾರನ ಸರಾಸರಿ ಗಳಿಕೆ ತಿಂಗಳಿಗೆ ಸುಮಾರು 20,000 ರೂಪಾಯಿ; ಇದೇ ಲೆಕ್ಕದಲ್ಲಿ ಅವನಿಗೆ ನಾಲ್ಕೂವರೆ ಚದರವಾದರೂ ಎದ್ದೀತು.

ಈ ಲೆಕ್ಕ ಮುಗಿಸಿದಾಗ ನನಗೇ ಆಶ್ಚರ್ಯವಾಯಿತು. ಸಾಮಾನ್ಯನ ಸಂಬಳ ಮನೆಯನ್ನು ಕಟ್ಟಬಲ್ಲುದು! ಅದು ಕೊಳ್ಳಲಾರದ್ದು ಮನೆಯ ಕೆಳಗಿನ ನೆಲವನ್ನು. ನನ್ನ ನಿವೇಶನದ ಇಂದಿನ ಬೆಲೆ ಕೋಟಿಯನ್ನು ದಾಟಿದೆ. ನಾನು ಸಾಲ ಮಾಡಿದಾಗ ಬಡ್ಡಿಯೇನೂ ಇಂದಿಗಿಂತ ಕಡಿಮೆಯಿರಲಿಲ್ಲ. ನನ್ನನ್ನು ಉಳಿಸಿದ್ದು ನೆಲದ ಬೆಲೆಯೇ.

ಹಾಗಾದರೆ ಸರ್ಕಾರ ಹಿಂದಿನಂತೆಯೇ ಅಗ್ಗದ ನಿವೇಶನ ಹಂಚಲಿ ಎನ್ನಬಹುದು. ಅಲ್ಲಿಯೂ ಒಂದು ಮುಳ್ಳಿದೆ. ನಮ್ಮ ಬಡಾವಣೆಗಳ ನಡುವೆ ಕತ್ರಿಗುಪ್ಪೆ, ಯಡಿಯೂರು ಎಂಬ ಹೆಸರುಗಳು ಇನ್ನೂ ಉಳಿದಿವೆಯಲ್ಲ, ಅವು ಹಿಂದಿನ ಹಳ್ಳಿಗಳು. ರಾಗಿ ಬೆಳೆಯುತ್ತಿದ್ದ ಅಂಥ ಹೊಲಗಳನ್ನು ಸಾರ್ವಜನಿಕ ಉದ್ದೇಶದ ಹೆಸರಿನಲ್ಲಿ ಕಡಿಮೆ ಪರಿಹಾರಕ್ಕೆ ತೆಗೆದುಕೊಂಡದ್ದರಿಂದಲೇ ನಮ್ಮಂಥವರಿಗೆ ಅಗ್ಗವಾದದ್ದು. 1894ರ ಭೂಸ್ವಾಧೀನ ಕಾನೂನು ಹೋಗಿ 2013ರ ಕಾನೂನು ಬಂದು ರೈತನ ಪರಿಹಾರ ಹೆಚ್ಚಿತು. ಅದು ನ್ಯಾಯವೇ. ಆ ನ್ಯಾಯದ ಬೆಲೆಯನ್ನು ಈಗ ನಿವೇಶನ ಬೇಡುವ ಬಡ ಸಂಬಳದಾರನ ಮೇಲೆಯೇ ಹೇರುವುದು ಮಾತ್ರ ನ್ಯಾಯವಲ್ಲ.

ನಮ್ಮ ತಪ್ಪು ಇನ್ನೊಂದು ಕಡೆ ಇತ್ತೆಂದು ನನಗೆ ತೋರುತ್ತದೆ. ಪ್ರಾಧಿಕಾರವು ನಿವೇಶನವನ್ನು ಹತ್ತು ವರ್ಷ ಗುತ್ತಿಗೆಯ ಕರಾರಿನಲ್ಲಿಟ್ಟು ಆಮೇಲೆ ಕ್ರಯಪತ್ರ ಕೊಡುತ್ತಿತ್ತು. ಕ್ರಯವಾದ ಮೇಲೆ ನಮ್ಮಲ್ಲಿ ಅನೇಕರು ಪೇಟೆಯ ಬೆಲೆಗೆ ಮಾರಿ ಲಾಭ ಪಡೆದರು. ಸಾರ್ವಜನಿಕರ ನೆಲ ಒಂದೇ ತಲೆಮಾರಿಗೆ ಸಂದುಹೋಯಿತು. ಸಿಂಗಪುರದಲ್ಲಿ 1960ರಲ್ಲಿ ಆರಂಭವಾದ ವಸತಿ ಮಂಡಳಿ ಮನೆಗಳನ್ನು 99 ವರ್ಷದ ಗುತ್ತಿಗೆಗೆ ಮಾರುತ್ತದೆ. ನೆಲ ಸರ್ಕಾರದ ಕೈಯಲ್ಲಿಯೇ ಉಳಿಯುತ್ತದೆ. ನಾವೂ ಹಾಗೆ ಉಳಿಸಿಕೊಂಡಿದ್ದರೆ ನನ್ನ ವಿದ್ಯಾರ್ಥಿಯ ಪಾಲಿಗೆ ಏನಾದರೂ ಇರುತ್ತಿತ್ತು.

ಇದನ್ನೆಲ್ಲ ಅವನಿಗೆ ಹೇಳಬೇಕೆನಿಸಿತು. ಮುಂದಿನ ವಾರ ನಾನೇ ಅವನ ಬಾಡಿಗೆ ಮನೆಗೆ ಹೋದೆ. “ಇಲ್ಲಪ್ಪಾ, ಸಂಬಳದಿಂದ ಮಾತ್ರ ಆಗಲಿಲ್ಲ. ನೆಲವನ್ನು ನನಗೆ ಹೆಚ್ಚು ಕಡಿಮೆ ಕೊಟ್ಟರು, ನಾನು ಕಟ್ಟಿದೆ” ಎಂದು ಹೇಳಿ, ಬಳೆಯ ಲೆಕ್ಕದಿಂದ ಹೊಲದ ಲೆಕ್ಕದವರೆಗೆ ಎಲ್ಲವನ್ನೂ ಬಿಡಿಸಿಟ್ಟೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅಡುಗೆಮನೆಯ ಕಡೆ ನೋಡಿ, ಹೆಂಡತಿಗೂ ಕೇಳಿಸುವಂತೆ ಹೇಳಿದ: “ನಮ್ಮ ಮಾವನವರು ನನಗೆ ಹಣ ಹಿಡಿಯಲು ಬರುವುದಿಲ್ಲ ಎನ್ನುತ್ತಾರೆ ಸಾರ್. ಈ ಲೆಕ್ಕವನ್ನು ಒಂದು ಕಾಗದದಲ್ಲಿ ಬರೆದುಕೊಡುತ್ತೀರಾ?”

ಬರೆದುಕೊಟ್ಟೆ. ಇಂದು ನಿಮ್ಮೆದುರು ಓದಿದ್ದು ಆ ಕಾಗದದ ವಿಸ್ತಾರ.